ಮೊದಲು ಟೇಪು, ಆಮೇಲೆ ಸ್ಪ್ಯಾನರು

ತಮ್ಮಾ, ಅಜ್ಜನ ಅಂಬಾಸಡರ್ ಮತ್ತೆ ರಸ್ತೆಗಿಳಿಸುತ್ತಿದ್ದೀಯ, ಸಂತೋಷ. ಮುಂದಿನ ಎಡಮೂಲೆ ಕೂತಿದೆ, ಅಗಲದ ಟಯರು ಹಾಕಿಸಿ ಸ್ವಲ್ಪ ಎತ್ತಿಸುತ್ತೇನೆ ಅಂತಿದ್ದೀಯಂತೆ. ಅವಸರ ಬೇಡ. ಎಷ್ಟು ಕೂತಿದೆ, ಯಾಕೆ ಕೂತಿದೆ ಅಂತ ಮೊದಲು ಅಳೆದು ನೋಡು.

ಹೊಳಲೂರಿನಲ್ಲಿ ಸಮನಾದ ನೆಲ ಅಂದರೆ ಅಡಿಕೆ ಒಣಗಿಸುವ ಸಿಮೆಂಟಿನ ಕಣವೇ. ಅದಕ್ಕೂ ನೀರು ಹರಿಯಲಿ ಅಂತ ವಾಟ ಕೊಟ್ಟಿರುತ್ತಾರೆ. ಹಾಗಾಗಿ ಒಂದು ಸಲ ಅಳೆದು, ಕಾರು ತಿರುಗಿಸಿ ನಿಲ್ಲಿಸಿ ಇನ್ನೊಂದು ಸಲ ಅಳೆ. ಟಯರಿನ ಗಾಳಿ ಎಡಬಲ ಸಮ ಇರಲಿ, ಡಿಕ್ಕಿಯಲ್ಲಿ ಸ್ಟೆಪ್ನಿ ಬಿಟ್ಟು ಬೇರೇನೂ ಬೇಡ. ಜ್ಯಾಕ್ ಇಳಿಸಿದ ಕೂಡಲೇ ಅಳೆದರೆ ಲೆಕ್ಕ ತಪ್ಪುತ್ತದೆ, ಚಕ್ರ ಒಳಕ್ಕೆ ಎಳೆದುಕೊಂಡಿರುತ್ತದೆ. ಕಾರನ್ನು ಹಿಂದೆ ಮುಂದೆ ನಾಲ್ಕು ಮಾರು ತಳ್ಳಿ, ಬಂಪರ್ ಒತ್ತಿ ಒತ್ತಿ ಬಿಡು. ನೆಲದಿಂದ ಅಳೆಯಬೇಡ, ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿಗೆ ಟೇಪು ಹಿಡಿ. ಆಗ ಟಯರಿನ ಸವಕಲು ಲೆಕ್ಕಕ್ಕೆ ಬರುವುದಿಲ್ಲ.

ಮುಂದೆ ಎಡಕ್ಕೆ ಕೂತಿದೆ ಅಂದ ಮಾತ್ರಕ್ಕೆ ತಪ್ಪು ಅಲ್ಲೇ ಇರಬೇಕಿಲ್ಲ. ಹಿಂದಿನ ಒಂದು ಕಡೆಯ ಸ್ಪ್ರಿಂಗ್ ಪ್ಲೇಟು ಸೋತರೆ ಕಾರು ಆ ಕಡೆಗೇ ವಾಲಿ, ಅದೇ ಬದಿಯ ಮುಂದಿನ ಮೂಲೆಯೂ ತಗ್ಗಿದಂತೆ ಕಾಣುತ್ತದೆ. ಹಿಂದಿನ ಆಕ್ಸಲ್ಲಿನ ಗುಂಡಿನ ಕೆಳಗೆ, ಸರಿಯಾಗಿ ಮಧ್ಯಕ್ಕೆ, ಜ್ಯಾಕ್ ಕೊಟ್ಟು ಎತ್ತು. ಮುಂಭಾಗ ಸಮವಾಯಿತೋ, ರೋಗ ಹಿಂದಿದೆ: ಪ್ಲೇಟು ಕಟ್ಟಾಗಿರಬಹುದು, ಶ್ಯಾಕಲ್ ಬುಷ್ ಹೋಗಿರಬಹುದು. ಹಾಗೇ ವಾಲಿದ್ದರೆ ಮುಂದೆಯೇ ಹುಡುಕು. ಬರೀ ಜ್ಯಾಕ್ ನಂಬಿ ಮಾತ್ರ ಕಾರಿನ ಕೆಳಗೆ ತಲೆ ಹಾಕಬೇಡ, ಕಂಡ್ಯಾ?

ಮುಂದೆ ನಿನ್ನ ಕಾರಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಟಾರ್ಷನ್ ಬಾರ್, ಉದ್ದಕ್ಕೆ ಮಲಗಿದ ಉಕ್ಕಿನ ಸರಳು, ತಿರುಚಿಕೊಂಡೇ ಭಾರ ಹೊರುತ್ತದೆ. ಅದರ ಹಿಂತುದಿ ತಿರುಗಿಸಿ ಕೂರಿಸಿದರೆ ಎತ್ತರ ಏರುತ್ತದೆ, ನಿಜ. ಆದರೆ ರಬ್ಬರ್ ಬುಷ್ ಹಳಸಿದ್ದಾಗ ಸರಳು ತಿರುಗಿಸಿದರೆ ರೋಗ ಮುಚ್ಚಿಟ್ಟ ಹಾಗೆ. ಬಿಚ್ಚಿದರೆ ಎಡ ಬಲ ಗುರುತು ಹಾಕಿಡು, ಅದಲು ಬದಲಾಗಬಾರದು. 1958ರಿಂದ 2014ರವರೆಗೆ ಬಂದ ಗಾಡಿ. ಒಳಗಿನ ಸಾಮಾನು ವರ್ಷ ವರ್ಷಕ್ಕೆ ಬದಲಾಗಿದೆ, ನಿನ್ನ ಮಾಡೆಲ್ ಹೇಳಿಯೇ ಬುಷ್ ಕೇಳು.

ಇನ್ನು ಟಯರು. 175/80-15 ತೆಗೆದು 205/65-15 ಹಾಕಿದೆ ಅಂತಿಟ್ಟುಕೋ. ಅದೇ ರಿಮ್ಮಿಗೆ ಒಳಗೆ 15, ಹೊರಗೆ 15 ಮಿಲಿಮೀಟರ್ ಅಗಲ ಹೆಚ್ಚುತ್ತದೆ. ಎತ್ತರ? ಸುಮಾರು 7 ಮಿಲಿಮೀಟರ್ ಇಳಿಯುತ್ತದೆ! ಎತ್ತಲು ಹೋಗಿ ಇಳಿಸಿಕೊಂಡೆ. ಸ್ಟೇರಿಂಗ್ ಭಾರವಾಗುವುದು ಬೇರೆ.

ಯಾವ ಟಯರೇ ಹಾಕು, ನಿಂತ ಕಾರಿನಲ್ಲಿ ಬೆರಳು ತೂರಿಸಿ ನೋಡಿದರೆ ಸಾಲದು. ಮಡ್ಗಾರ್ಡಿನ ಒಳಗೆ ಅಲ್ಲಲ್ಲಿ ಜೇಡಿಮಣ್ಣು ಮೆತ್ತು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೂಡ್ಲಿ ಸಂಗಮಕ್ಕೆ ಹೋಗಿ ಬಾ. ದಾರಿಯ ಹಂಪುಗಳನ್ನು ನಿಧಾನಕ್ಕೆ ಹಾಯಿಸು, ಖಾಲಿ ಜಾಗದಲ್ಲಿ ಸ್ಟೇರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸು. ಮಣ್ಣು ಉಜ್ಜಿದ್ದರೆ ಆ ಟಯರು ನಿನಗಲ್ಲ. ಮುಂದಿನ ಬ್ರೇಕ್ ಹೋಸ್ ಮೇಲೂ ಉಜ್ಜಿದ ಗುರುತಿದೆಯಾ ನೋಡು, ಅದು ಮಡ್ಗಾರ್ಡಿಗಿಂತ ಮುಖ್ಯ.

ಎತ್ತರ ಸರಿಮಾಡಿಸಿದ ಮೇಲೆ ಶಿವಮೊಗ್ಗಕ್ಕೆ ಹೋಗಿ ಅಲೈನ್‌ಮೆಂಟ್ ಮಾಡಿಸು. ಹೆಡ್‌ಲೈಟೂ ಇಳಿಸಿ ಹೊಂದಿಸಬೇಕು, ಇಲ್ಲದಿದ್ದರೆ ಹೊನ್ನಾಳಿ ರಸ್ತೆಯಲ್ಲಿ ರಾತ್ರಿ ಎದುರು ಬರುವವರೆಲ್ಲ ನಿನ್ನನ್ನು ಬೈದುಕೊಂಡೇ ಹೋಗುತ್ತಾರೆ.