ಮಾಡೆಲ್ ಜೆಟ್ ಕೊಳ್ಳುವ ಮುನ್ನ ತೂಕ ನೋಡಿ

‘ಇದು ಡ್ರೋನ್ ಅಲ್ಲ ಸಾರ್, ಮಾಡೆಲ್ ವಿಮಾನ.’ ರೇಡಿಯೋ ಕಂಟ್ರೋಲ್ ವಿಮಾನ ಹಾರಿಸುವವರ ನಾಲಿಗೆ ತುದಿಯಲ್ಲೇ ಇರುವ ಮಾತಿದು. ನಾಲ್ಕು ಫ್ಯಾನ್ ತಿರುಗಿಸುತ್ತ ಗಾಳಿಯಲ್ಲಿ ನಿಲ್ಲುವುದು ಡ್ರೋನ್, ರೆಕ್ಕೆ ಇದ್ದು ಓಡಿ ಮೇಲೇರುವುದು ವಿಮಾನ ಎಂಬುದು ಹವ್ಯಾಸಿಗಳ ಲೆಕ್ಕ. ಕಾನೂನು ಈ ಲೆಕ್ಕ ಒಪ್ಪುವುದಿಲ್ಲ. 2021ರ ಡ್ರೋನ್ ನಿಯಮಗಳಲ್ಲಿ ‘ಏರೋಪ್ಲೇನ್’ ಒಂದು ವರ್ಗ, ‘ಮಾಡೆಲ್’ ಎಂಬುದು ಒಂದು ಉಪವರ್ಗ. 25 ಕೆ.ಜಿ. ಮೀರದೆ, ಕಲಿಕೆ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಗೆ ಮಾತ್ರ ಬಳಸುತ್ತ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಿದರೆ ಅದು ಮಾಡೆಲ್. ನಿಮ್ಮ ಪುಟ್ಟ ಜೆಟ್ ಕೂಡ ಈ ನಿಯಮಗಳ ಒಳಗೇ ಇದೆ.

ಒಳಗಿದ್ದರೆ ಒಂದು ಲಾಭವೂ ಇದೆ. ಕಾರ್ಖಾನೆಯ ಡ್ರೋನ್‌ಗೆ ಬೇಕಾಗುವ ಟೈಪ್ ಸರ್ಟಿಫಿಕೇಟ್ ಮಾಡೆಲ್‌ಗೆ ಬೇಕಿಲ್ಲ. ಹಾಗಾಗಿ ಫೋಮ್ ಕತ್ತರಿಸಿ ಮನೆಯಲ್ಲೇ ಕಟ್ಟಿದ ವಿಮಾನವನ್ನೂ ಹಾರಿಸಬಹುದು. ಆದರೆ ಆ ವಿನಾಯಿತಿ ಅಲ್ಲಿಗೇ ನಿಲ್ಲುತ್ತದೆ. ನೋಂದಾಯಿಸಿ ಪಡೆಯುವ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಇಲ್ಲದೆ ಹಾರಿಸುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಅರ್ಜಿ ಆನ್‌ಲೈನ್, ಶುಲ್ಕ 100 ರೂಪಾಯಿ. ಸೆಕೆಂಡ್ ಹ್ಯಾಂಡ್ ಜೆಟ್ ಕೊಳ್ಳುವವರು ಮಾರುವವರ ಹತ್ತಿರ ಈ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಮಾರಾಟವಿರಲಿ, ಉಡುಗೊರೆಯಿರಲಿ, ಹಸ್ತಾಂತರವೂ ದಾಖಲಾಗಬೇಕು. ಇಲ್ಲದಿದ್ದರೆ ಕಾಗದದ ಮೇಲೆ ವಿಮಾನ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿಯುತ್ತದೆ.

ಇನ್ನು ತೂಕದ ವಿಷಯ. ಎಂಜಿನ್ ಯಾವುದು, ವೇಗ ಎಷ್ಟು ಎಂದು ಈ ನಿಯಮಗಳು ಕೇಳುವುದೇ ಇಲ್ಲ. 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೋ, 2ರಿಂದ 25 ಕೆ.ಜಿ.ವರೆಗೆ ಸ್ಮಾಲ್. ಹವ್ಯಾಸಕ್ಕಾಗಿ ಮೈಕ್ರೋ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. 2 ಕೆ.ಜಿ. ದಾಟಿದರೆ ಬೇಕು. ಜೆಟ್ ಕಲಿಯುವವರು ಹೆಚ್ಚಾಗಿ ಬ್ಯಾಟರಿ ಬಲದ ಇಡಿಎಫ್‌ನಿಂದ, ಅಂದರೆ ಕೊಳವೆಯೊಳಗೆ ಫ್ಯಾನ್ ತಿರುಗುವ ಫೋಮ್ ವಿಮಾನದಿಂದ ಶುರುಮಾಡುತ್ತಾರೆ. 64 ಮಿ.ಮೀ. ಫ್ಯಾನಿನವು ಸಾಮಾನ್ಯವಾಗಿ 2 ಕೆ.ಜಿ. ಒಳಗೇ ಇರುತ್ತವೆ. 70 ಮಿ.ಮೀ.ನವು ಗಡಿಯ ಹತ್ತಿರ ಬರುತ್ತವೆ, 90 ಮಿ.ಮೀ.ನವು ಖಂಡಿತ ದಾಟುತ್ತವೆ. ಪೆಟ್ಟಿಗೆಯ ಮೇಲೆ ಬರೆದ ತೂಕವನ್ನು ನಂಬಬೇಡಿ. ಎಷ್ಟೋ ಸಲ ಅದು ಬ್ಯಾಟರಿ ಬಿಟ್ಟು ಬರೆದದ್ದು, ಆರು ಸೆಲ್ಲಿನ ಬ್ಯಾಟರಿಯೊಂದೇ ಅರ್ಧ ಕಿಲೋ ಮೀರಬಹುದು. ಕಾನೂನು ಎಣಿಸುವುದು ಹಾರುವಾಗಿನ ಒಟ್ಟು ತೂಕ. ಬ್ಯಾಟರಿ ಕೂರಿಸಿ, ಚಕ್ರ ಜೋಡಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ನೋಡಿ.

ಪ್ರಮಾಣಪತ್ರಕ್ಕೆ 18ರಿಂದ 65ರೊಳಗಿನ ವಯಸ್ಸು, ಹತ್ತನೇ ತರಗತಿ ಪಾಸು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆಯ ತರಬೇತಿ ಸಂಸ್ಥೆಯಲ್ಲಿ ಕಲಿಕೆ ಇಷ್ಟಿದ್ದರೆ ಆಯಿತು. ಪ್ರಮಾಣಪತ್ರಕ್ಕೆ 10 ವರ್ಷ ಮಾನ್ಯತೆ. 2023ರ ತಿದ್ದುಪಡಿಯ ನಂತರ ಪಾಸ್‌ಪೋರ್ಟ್ ಕಡ್ಡಾಯವಲ್ಲ. ವೋಟರ್ ಐಡಿ, ರೇಷನ್ ಕಾರ್ಡ್ ಅಥವಾ ಡಿಎಲ್ ನಡೆಯುತ್ತದೆ. ಫೀಸು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಏರೋಪ್ಲೇನ್ ವರ್ಗದಲ್ಲಿ ತರಬೇತಿ ಕೊಡುತ್ತೀರಾ? ನಾಲ್ಕು ಫ್ಯಾನಿನ ಯಂತ್ರದ ಮೇಲೆ ಕಲಿತು ಪಡೆದ ಪತ್ರ ಜೆಟ್‌ಗೆ ಉಪಯೋಗಕ್ಕೆ ಬರುವುದಿಲ್ಲ.

ಎಲ್ಲಿ ಹಾರಿಸಬೇಕು ಎಂಬುದಕ್ಕೆ ಸರ್ಕಾರದ ‘ಡಿಜಿಟಲ್ ಸ್ಕೈ’ ಆನ್‌ಲೈನ್ ನಕ್ಷೆ ಇದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಒಳಗಾದರೆ ಮಿತಿ 200 ಅಡಿ. ಅದಕ್ಕಿಂತ ಹತ್ತಿರದ ಹಳದಿ ವಲಯದಲ್ಲಿ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ್ದೇ ಆಗಬೇಕು. ಬೆಂಗಳೂರಿನವರ ಕಷ್ಟ ಇಲ್ಲಿದೆ. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಎಂದು ಸುತ್ತ ವೃತ್ತ ಎಳೆದರೆ ನಗರದಲ್ಲಿ ಉಳಿಯುವ ಬಯಲು ಎಷ್ಟು ಎಂದು ನಕ್ಷೆಯೇ ಹೇಳುತ್ತದೆ. ಹೋದ ಭಾನುವಾರ ಹಸಿರಾಗಿದ್ದ ಜಾಗ ಈ ಭಾನುವಾರ ಹಾಗೇ ಇರುತ್ತದೆಂಬ ಖಾತ್ರಿಯಿಲ್ಲ. ಎಸ್‌ಪಿ ಅಥವಾ ಮೇಲಿನ ದರ್ಜೆಯ ಅಧಿಕಾರಿಯ ಮೂಲಕ ಒಮ್ಮೆಗೆ 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸಬಹುದು. ಪ್ರತಿ ಸಲ ಹಾರಿಸುವ ಮುನ್ನ ನಕ್ಷೆ ನೋಡುವುದು ಸಲಹೆಯಲ್ಲ, ನಿಯಮ. ಕೆರೆ ಅಂಗಳವಾಗಲಿ ಯಾರದೋ ಹೊಲವಾಗಲಿ, ಜಾಗದವರ ಒಪ್ಪಿಗೆ ಬೇರೆಯೇ ಬೇಕು.

ಜೆಟ್ ಹಾರಿಸುವವರಿಗೆ 400 ಅಡಿ ಎಷ್ಟು ಕಮ್ಮಿ ಎಂದು ಲೆಕ್ಕ ಹಾಕಿ ನೋಡಿ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಹೋಗುವ ವಿಮಾನ ಸೆಕೆಂಡಿಗೆ 40 ಮೀಟರಿಗಿಂತ ಹೆಚ್ಚು ಸಾಗುತ್ತದೆ. ಮೂಗು ನೆಟ್ಟಗೆ ಎತ್ತಿದರೆ ಮೂರು ಸೆಕೆಂಡಿನ ಆಸುಪಾಸಿನಲ್ಲಿ 120 ಮೀಟರಿನ ಮಿತಿ ಮುಗಿದಿರುತ್ತದೆ. ಎತ್ತರ ಹೇಳುವ ಟೆಲಿಮೆಟ್ರಿ ಸೆನ್ಸರ್ ಹಾಕಿಸಿ, 100 ಮೀಟರಿಗೆ ಟ್ರಾನ್ಸ್‌ಮಿಟರ್ ಕೂಗುವಂತೆ ಇಟ್ಟುಕೊಳ್ಳುವುದು ದುಡ್ಡಿಗೆ ಮೋಸವಿಲ್ಲದ ಕೆಲಸ.

ಟರ್ಬೈನ್ ಆಸೆ ಇರುವವರಿಗೆ: ಅಮೆರಿಕದ ಮಾಡೆಲ್ ವಿಮಾನ ಸಂಘಟನೆ ತನ್ನ ಸದಸ್ಯರಿಗೆ ಟರ್ಬೈನ್‌ಗೆಂದೇ ಬೇರೆ ಅರ್ಹತೆ ಕೇಳುತ್ತದೆ. ನಮ್ಮ ಡ್ರೋನ್ ನಿಯಮಗಳಲ್ಲಿ ಅಂಥದ್ದಿಲ್ಲ. ಇದು ಕೊರತೆ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಸೀಮೆಎಣ್ಣೆ ಕುಡಿದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರವದು. ಉರಿಯದೆ ಒಳಗೆ ನಿಂತ ಇಂಧನ ಮುಂದಿನ ಸ್ಟಾರ್ಟ್‌ನಲ್ಲಿ ಹಿಂಬದಿಯಿಂದ ಜ್ವಾಲೆಯಾಗಿ ನುಗ್ಗುತ್ತದೆ. ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಹಿಡಿದ ಸಹಾಯಕ, ಸಿಗ್ನಲ್ ಕಳೆದುಹೋದರೆ ಎಂಜಿನ್ ತಾನೇ ಆರುವ ಫೇಲ್‌ಸೇಫ್ ಇವಿಲ್ಲದೆ ಹಾರಿಸಿ ಒಣಹುಲ್ಲಿಗೆ ಬೆಂಕಿ ಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಇದೆ. ಜನರಿಗೆ ಪೆಟ್ಟಾದರೆ 125ನೇ ಕಲಂ.

ವಿದೇಶದಲ್ಲಿರುವ ಅಣ್ಣನೋ ಮಗಳೋ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಜೆಟ್ ತರಲಿ ಎಂದುಕೊಂಡಿದ್ದರೆ ತಡೆಯಿರಿ. 2022ರ ಫೆಬ್ರುವರಿ 9ರಿಂದ ಪೂರ್ತಿ ಜೋಡಿಸಿದ ಅಥವಾ ಬಿಡಿಸಿಟ್ಟ ಡ್ರೋನ್‌ಗಳ ಆಮದಿಗೆ ನಿಷೇಧವಿದೆ. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ. ಬಿಡಿಭಾಗಗಳಿಗೆ ಈ ನಿಷೇಧ ತಾಗದು.

ಪೊಲೀಸರು ಬಂದರೆ ಯುಐಎನ್, ಪ್ರಮಾಣಪತ್ರ, ಅಂದಿನ ನಕ್ಷೆಯ ಸ್ಕ್ರೀನ್‌ಶಾಟ್ ತೋರಿಸಿ. ವಿಮಾನ ಜಪ್ತಿ ಮಾಡಿದರೆ ಮಹಜರಿನ ಪ್ರತಿ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಜಪ್ತಿಯ ವಿಡಿಯೋ ಆಗಬೇಕು, 106ರ ಅಡಿ ಜಪ್ತಿಯಾದರೆ ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಬೇಕು. ಪ್ರಕರಣ ಮುಗಿಯುವವರೆಗೆ ಠಾಣೆಯ ಮೂಲೆಯಲ್ಲಿ ಧೂಳು ಹಿಡಿಯಲಿ ಎಂದು ಬಿಡಬೇಕಿಲ್ಲ. 497 ಅಥವಾ 503ನೇ ಕಲಂ ಅಡಿ ಮಧ್ಯಂತರ ಸುಪರ್ದಿಗೆ ಅರ್ಜಿ ಹಾಕಬಹುದು. ಡ್ರೋನ್ ನಿಯಮ ಮುರಿದದ್ದಕ್ಕೆ ಡಿಜಿಸಿಎ ವಿಧಿಸುವ ದಂಡ ಒಂದು ಲಕ್ಷ ರೂಪಾಯಿವರೆಗೆ ಇರಬಹುದು.

ಅಪಘಾತವಾದರೆ 48 ಗಂಟೆಯೊಳಗೆ ಆನ್‌ಲೈನ್ ವರದಿ ಮಾಡಬೇಕಾದವರು ಹಾರಿಸಿದವರೇ. ನ್ಯಾನೋ ಬಿಟ್ಟು ಉಳಿದವಕ್ಕೆ ಮೋಟಾರು ವಾಹನ ಕಾಯ್ದೆಯ ಮಾದರಿಯಲ್ಲೇ ಥರ್ಡ್ ಪಾರ್ಟಿ ವಿಮೆ ಬೇಕು. ಆದರೆ ಏಜೆಂಟರು ‘ಡ್ರೋನ್ ಪಾಲಿಸಿ’ ಎಂದು ಕೊಟ್ಟದ್ದನ್ನು ಹಾಗೇ ತೆಗೆದುಕೊಳ್ಳಬೇಡಿ. ಸ್ವಂತ ಕಟ್ಟಿದ ಮಾಡೆಲ್‌ಗೆ, ಟರ್ಬೈನ್ ಎಂಜಿನ್‌ಗೆ, ಹವ್ಯಾಸದ ಹಾರಾಟಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರ ಬಂದ ಮೇಲೆ ಹಣ ಕಟ್ಟಿ.