ಯಾರ ದುಡ್ಡಲ್ಲಿ ಟ್ರೇಡಿಂಗು?

ಮೊದಲು ಒಂದು ಮಾತಿಗೆ ಉತ್ತರ ಕೊಡು. ಹೊರದೇಶದಲ್ಲಿ ಎಂ.ಎಸ್ಸಿ. ಮಾಡಿ ಟ್ರೇಡರ್ ಆಗುತ್ತೇನೆ ಅನ್ನುತ್ತೀಯಲ್ಲ, ಟ್ರೇಡ್ ಮಾಡುವುದು ಯಾರ ದುಡ್ಡಲ್ಲಿ? ನಿನ್ನದೋ, ಕಂಪನಿಯದೋ? ನಂಜನಗೂಡಿನಿಂದಾಗಲಿ ತಿ. ನರಸೀಪುರದಿಂದಾಗಲಿ ಸಲಹೆ ಕೇಳಲು ಬರುವ ಹುಡುಗ ಹುಡುಗಿಯರು ಇಲ್ಲೇ ತಡವರಿಸುತ್ತಾರೆ. ದೇಶ, ಕಾಲೇಜು, ರ‍್ಯಾಂಕಿಂಗು ಎಲ್ಲ ಬಾಯಿಪಾಠ. ಇದೊಂದು ಪ್ರಶ್ನೆ ಮಾತ್ರ ಹೊಳೆದೇ ಇರುವುದಿಲ್ಲ. ಯಾವ ಕೋರ್ಸು ಅನ್ನುವುದು ನಿಂತಿರುವುದು ಇದರ ಮೇಲೇ.

ನನ್ನದೇ ದುಡ್ಡು ಅನ್ನುವುದಾದರೆ ವಿಮಾನ ಹತ್ತುವ ಅಗತ್ಯವೇ ಇಲ್ಲ. ತಾಂಡ್ಯ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಶಿಫ್ಟ್ ಬಸ್ಸಿನಲ್ಲಿ ಮೊಬೈಲಿನ ಕೆಂಪು ಹಸಿರು ಗೆರೆ ನೋಡುತ್ತ ಕೂತ ಹುಡುಗರನ್ನು ನೀನೂ ಕಂಡಿದ್ದೀಯ. ಅವರಿಗೂ ನಿನಗೂ ಸಿಗುವ ಮಾರುಕಟ್ಟೆ ಒಂದೇ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ಅಧ್ಯಯನ ಓದು. 2021-22ರಿಂದ ಮೂರು ವರ್ಷ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಾಪಾರಿಗಳಲ್ಲಿ ಶೇ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಗೆದ್ದವರು ಯಾರು ಅಂತ ಅದೇ ವರದಿ ಹೇಳುತ್ತದೆ: 2023-24ರಲ್ಲಿ ಸ್ವಂತ ಬಂಡವಾಳದಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳು ಮತ್ತು ವಿದೇಶಿ ಹೂಡಿಕೆದಾರರು. ಅವರ ಲಾಭದ ಬಹುಪಾಲು ಬಂದದ್ದು ಗಣಕದ ಅಲ್ಗಾರಿದಮ್‌ಗಳಿಂದ. ಎಂ.ಎಸ್ಸಿ. ಸರ್ಟಿಫಿಕೇಟು ಗೋಡೆಗೆ ನೇತುಹಾಕಿ ಮನೆಯಲ್ಲಿ ಒಬ್ಬನೇ ಕೂತರೆ ನೀನು ಆ 93ರ ಸಾಲಿನಲ್ಲೇ ಇರುತ್ತೀಯ.

ಝೆರೋಧಾದ ನಿತಿನ್ ಕಾಮತ್ ಹೆಸರು ಎತ್ತುತ್ತೀಯ, ಗೊತ್ತು. ಶಿವಮೊಗ್ಗದಲ್ಲಿ ಹುಟ್ಟಿದವರು, ಓದಿದ್ದು ಬೆಂಗಳೂರಿನಲ್ಲೇ ಎಂಜಿನಿಯರಿಂಗು, ಒಂದು ಕಾಲಕ್ಕೆ ರಾತ್ರಿ ಕಾಲ್‌ಸೆಂಟರಿನಲ್ಲಿ ದುಡಿದು ಹಗಲು ಟ್ರೇಡ್ ಮಾಡಿದವರು. ತಮ್ಮ ನಿಖಿಲ್ ಶಾಲೆಯನ್ನೇ ಅರ್ಧಕ್ಕೆ ಬಿಟ್ಟವರು. ಆದರೆ ಅಣ್ಣ ತಮ್ಮ ಇಬ್ಬರೂ ನಿಜವಾಗಿ ಎದ್ದು ನಿಂತದ್ದು 2010ರಲ್ಲಿ ಬ್ರೋಕರೇಜ್ ಕಂಪನಿ ತೆರೆದ ಮೇಲೆ. ಅಲ್ಲಿ ಗಿರಾಕಿ ಗೆದ್ದರೂ ಸೋತರೂ ಕಂಪನಿಗೆ ಶುಲ್ಕ ಬರುತ್ತದೆ. ಆ ಉದಾಹರಣೆಯನ್ನು ಪೂರ್ತಿ ಓದಿಕೋ.

ಇನ್ನೊಂದು. ಹೊರದೇಶದ ಫಾರೆಕ್ಸ್ ಆ್ಯಪಿನಲ್ಲಿ ಡಾಲರ್ ಯೂರೋ ಆಡುತ್ತೇನೆ ಅನ್ನುವವರ ಹತ್ತಿರ ಸುಳಿಯಬೇಡ. ವಿದೇಶಿ ಎಕ್ಸ್‌ಚೇಂಜಿಗೆ ಮಾರ್ಜಿನ್ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಅವಕಾಶವೇ ಇಲ್ಲ. ಅನುಮತಿಯಿಲ್ಲದ ಇಂಥ ತಾಣಗಳ ಎಚ್ಚರಿಕೆಪಟ್ಟಿಯನ್ನು ಬ್ಯಾಂಕು 2022ರಿಂದಲೇ ಪ್ರಕಟಿಸುತ್ತಿದೆ.

ಕಂಪನಿಯ ದುಡ್ಡು ಅಂದೆಯಾ? ಹಾಗಾದರೆ ಮಾತಾಡೋಣ, ಇಲ್ಲಿ ಪದವಿಗೆ ಬೆಲೆಯಿದೆ. ಆದರೆ ಅದು ನಿನಗೆ ಟ್ರೇಡಿಂಗ್ ಕಲಿಸುತ್ತದೆ ಅಂದುಕೊಳ್ಳಬೇಡ. ಅದು ಕೊಡಿಸುವುದು ಸಂದರ್ಶನದ ಸಾಲಿನಲ್ಲಿ ಒಂದು ಜಾಗ, ಅಷ್ಟೇ. ಆ ಸಾಲೂ ಸಣ್ಣದಾಗುತ್ತಿದೆ. ಗೋಲ್ಡ್‌ಮನ್ ಸ್ಯಾಕ್ಸ್‌ನ ನ್ಯೂಯಾರ್ಕ್ ಕಚೇರಿಯಲ್ಲಿ 2000ನೇ ಇಸವಿಯಲ್ಲಿ ಷೇರು ಕೊಳ್ಳುವ ಮಾರುವ 600 ಟ್ರೇಡರುಗಳಿದ್ದರು. 2017ಕ್ಕೆ ಆ ಜಾಗದಲ್ಲಿ ಉಳಿದವರು ಇಬ್ಬರು. ಮಿಕ್ಕ ಕೆಲಸ ಯಂತ್ರಕ್ಕೂ ಅದರ ಪ್ರೋಗ್ರಾಮ್ ಬರೆಯುವ ಎಂಜಿನಿಯರುಗಳಿಗೂ ಹೋಯಿತು. ಆಪ್ಟಿವರ್‌ನಂಥ ಟ್ರೇಡಿಂಗ್ ಕಂಪನಿ ಅಭ್ಯರ್ಥಿಯ ಮುಂದೆ ಮೊದಲಿಗೇ ಇಡುವುದು 8 ನಿಮಿಷಕ್ಕೆ 80 ಬಾಯಿಲೆಕ್ಕ. ಆಮೇಲೆ ಸಂಭವನೀಯತೆ, ಆಮೇಲೆ ಪ್ರೋಗ್ರಾಮಿಂಗು. ಕಾಲೇಜಿನ ಹೆಸರು ಆ ಎಂಟು ನಿಮಿಷದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹೊರದೇಶಕ್ಕೆ ಓದಲು ಕಳಿಸುವ ಏಜೆಂಟರು ಹೇಳದ ಸಂಗತಿಯೊಂದಿದೆ. ಬ್ರಿಟನ್ನಿನ ಎಂ.ಎಸ್ಸಿ. ಒಂದೇ ವರ್ಷದ್ದು, ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ದೊಡ್ಡ ಬ್ಯಾಂಕುಗಳು ಮುಂದಿನ ವರ್ಷದ ಅರ್ಜಿ ತೆಗೆದುಕೊಳ್ಳುವುದು ಅದಕ್ಕೂ ಮುಂಚಿನಿಂದ. ಹಲವೆಡೆ ನವೆಂಬರಿಗೆಲ್ಲ ಬಾಗಿಲು ಹಾಕಿರುತ್ತದೆ. ಅಂದರೆ ನೀನು ಹಾಸ್ಟೆಲಿನಲ್ಲಿ ಹೊದಿಕೆ ಕೊಳ್ಳುವಷ್ಟರಲ್ಲಿ ಅರ್ಜಿ, ಆನ್‌ಲೈನ್ ಪರೀಕ್ಷೆ, ಮೊದಲ ಸಂದರ್ಶನ ಮುಗಿದಿರಬೇಕು. ಪ್ರೊಫೆಸರರು ಡೆರಿವೇಟಿವ್ಸ್ ಪಾಠಕ್ಕೆ ಬರುವ ಹೊತ್ತಿಗೆ ಟ್ರೇಡಿಂಗ್ ಡೆಸ್ಕಿನ ಕುರ್ಚಿಗಳು ಹೆಚ್ಚಾಗಿ ಹಿಂದಿನ ಬೇಸಿಗೆಯಲ್ಲಿ ಇಂಟರ್ನ್‌ಷಿಪ್ ಮಾಡಿದವರ ಪಾಲಾಗಿರುತ್ತವೆ. ಆದ್ದರಿಂದ ಅಲ್ಲಿ ಹೋಗಿ ಕಲಿಯುತ್ತೇನೆ ಅನ್ನುವವನಿಗಿಂತ ಇಲ್ಲೇ ಕಲಿತು ಹೋಗುವವನಿಗೆ ಆ ಒಂದು ವರ್ಷ ದಕ್ಕುತ್ತದೆ. ಓದಿನ ನಂತರ ಅಲ್ಲಿ ಉಳಿಯುವ ಗ್ರಾಜುಯೇಟ್ ವೀಸಾ ಕೂಡ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ.

ಲೆಕ್ಕ ಹಾಕು. ಲಂಡನ್ನಿನ ಹೆಸರಾಂತ ಶಾಲೆಗಳಲ್ಲಿ ಫೈನಾನ್ಸ್ ಎಂ.ಎಸ್ಸಿ. ಶುಲ್ಕ 40 ಸಾವಿರ ಪೌಂಡ್ ದಾಟುತ್ತದೆ. ಊಟ, ಬಾಡಿಗೆ ಸೇರಿದರೆ 60 ಲಕ್ಷ ರೂಪಾಯಿಗೆ ಕಮ್ಮಿಯಿಲ್ಲ. ಶೇ 10.5ರ ಬಡ್ಡಿಗೆ ಹತ್ತು ವರ್ಷದ ಕಂತು ತಿಂಗಳಿಗೆ 81 ಸಾವಿರ. ಓದುವ ವರ್ಷದ ಬಡ್ಡಿ ಅದರ ಮೇಲೆ. ಗಣಿತ ಗಟ್ಟಿಯಿದ್ದವರಿಗೆ ಅಗ್ಗದ ದಾರಿಗಳಿವೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಹೊರದೇಶದವರ ಶುಲ್ಕವನ್ನು 2025ರಲ್ಲಿ ಮೂರು ಪಟ್ಟು ಮಾಡಿದ ಮೇಲೂ ಅದು ಸೆಮಿಸ್ಟರಿಗೆ 2,190 ಫ್ರಾಂಕ್. ಇನ್ನೂ ಹತ್ತಿರ ಬೇಕೆಂದರೆ ನಮ್ಮ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ (ಐಎಸ್‌ಐ). ಅಲ್ಲಿ ಸಂಖ್ಯಾಶಾಸ್ತ್ರ ಓದುವವರಿಗೆ ಸಂಸ್ಥೆಯೇ ಸ್ಟೈಪೆಂಡ್ ಕೊಡುತ್ತದೆ. ಗಣಿತದ ಪ್ರವೇಶ ಪರೀಕ್ಷೆ ಬರೆಯಲು ಹೆದರಿ ದುಬಾರಿ ಕೋರ್ಸಿಗೆ ಹೊರಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಆ ಪರೀಕ್ಷೆ ತಪ್ಪಿಸಿಕೊಂಡವರಿಗೆ ಅದೇ ಗಣಿತ ಲಂಡನ್ನಿನ ಸಂದರ್ಶನದಲ್ಲಿ ಎದುರಾಗುತ್ತದೆ, ಆಗ ಸಾಲವೂ ಜೊತೆಗಿರುತ್ತದೆ.

ಮೂರನೆಯದೊಂದು ದಾರಿಯಿದೆ: ಸರಕಿನ ವ್ಯಾಪಾರ. ನಿನ್ನಂಥ ಊರಿನವರಿಗೆ ಇದು ಹೇಳಿಮಾಡಿಸಿದ್ದು ಅನ್ನಿಸುತ್ತದೆ ನನಗೆ. ನರಸೀಪುರದಲ್ಲಿ ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಫಿಲೇಚರ್, ಅಂದರೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ, ಇದೆ. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಗೆ ನೂಲು ಹೋಗುವುದು ಅಲ್ಲಿಂದ. ಒಮ್ಮೆ ಸಂತೇಮರಹಳ್ಳಿಗೋ ಕೊಳ್ಳೇಗಾಲಕ್ಕೋ, ಸಾಧ್ಯವಾದರೆ ರಾಮನಗರಕ್ಕೇ, ಗೂಡಿನ ಮಾರುಕಟ್ಟೆಗೆ ಹೋಗಿ ಗೂಡು ಕೊಂಡು ನೂಲು ತೆಗೆಯುವ ರೀಲರ್ ಒಬ್ಬನ ಪಕ್ಕ ನಿಲ್ಲು. ಅವನು ಲಾಟಿಗೆ ಕೈ ಹಾಕಿ, ನಾಲ್ಕು ಗೂಡು ಅಲ್ಲಾಡಿಸಿ, ಮನಸ್ಸಿನಲ್ಲೇ ರೆಂಡಿಟ್ಟಾ ಕಟ್ಟುತ್ತಾನೆ: ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕಾದೀತು ಅಂತ. ಗೂಡು ಕೆ.ಜಿ.ಗೆ 600 ರೂಪಾಯಿ ಅಂದುಕೋ. ಆರೂವರೆ ಅಂದುಕೊಂಡದ್ದು ಏಳಾದರೆ ಪ್ರತಿ ಕೆ.ಜಿ. ನೂಲಿಗೆ 300 ರೂಪಾಯಿ ಹೋಯಿತು. ಇವತ್ತು ಗೂಡು ಕೊಂಡು ನೂಲು ಮಾರುವ ದಿನದ ತನಕ ಬೆಲೆ ಬಿದ್ದರೆ ಆ ಹೊಡೆತವೂ ಅವನದೇ. ಲಂಡನ್ನಿನ ತರಗತಿಯಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ, ಇವನಿಗೆ ಅದು ದಿನನಿತ್ಯದ ಕೆಲಸ.

ದೂರದ ನಿರ್ಧಾರ ಹತ್ತಿರದ ಬೆಲೆಯನ್ನು ಹೇಗೆ ಅಲ್ಲಾಡಿಸುತ್ತದೆ ಅನ್ನುವುದನ್ನೂ ಅವನನ್ನೇ ಕೇಳು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾಯಿತು, ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಮತ್ತೆ ಶೇ 15 ಮಾಡಿದರು. ಈ ಕತೆಯನ್ನು ಅಂಕಿಅಂಶ ಸಮೇತ ನಾಲ್ಕು ಪುಟ ಬರೆದು ಅರ್ಜಿಗೆ ಲಗತ್ತಿಸು. ‘ಬಾಲ್ಯದಿಂದಲೂ ಹಣಕಾಸಿನಲ್ಲಿ ಆಸಕ್ತಿ’ ಅಂತ ಬರೆಯುವವರ ನಡುವೆ ನಿನ್ನದನ್ನು ಓದುತ್ತಾರೆ. ಜಿನೀವಾ ವಿಶ್ವವಿದ್ಯಾಲಯದಲ್ಲಿ ಸರಕು ವ್ಯಾಪಾರಕ್ಕೇ ಮೀಸಲಾದ ಮಾಸ್ಟರ್ಸ್ ಇದೆ. ಅಲ್ಲಿ ಓದುವವರು ಆ ಊರಿನ ಯಾವುದಾದರೂ ವ್ಯಾಪಾರಿ ಕಂಪನಿಯಲ್ಲಿ ಕೆಲಸ ಕಲಿಯುತ್ತಲೇ ಓದಬೇಕು. ಕಂಪನಿ ಮೊದಲು ಒಪ್ಪಬೇಕು, ಆಮೇಲೆ ಪದವಿ. ನನ್ನ ಕಣ್ಣಿಗೆ ಇದೇ ಸರಿಯಾದ ಕ್ರಮ. ಕುಶಾಲನಗರ, ಹುಣಸೂರಿನ ಕಡೆಯ ಕಾಫಿ ಕಂಪನಿಯೊಂದರಲ್ಲಿ ಎರಡು ವರ್ಷ ದುಡಿದವನಿಗೆ ಆ ಬಾಗಿಲು ತಟ್ಟಲು ಒಂದು ಕಾರಣವಾದರೂ ಇರುತ್ತದೆ.

ಸಾಲದ ವಿಷಯ. ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಧಾರ ಕೇಳುತ್ತದೆ; ಕೆಲವು ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಮಾತ್ರ ರಿಯಾಯಿತಿ. ನಾಲೆಯ ಕೆಳಗಿನ ಗದ್ದೆಯನ್ನು ಆಧಾರವಾಗಿ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಸಾಲ ತೀರದಿದ್ದರೆ ಆಧಾರವನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವಲ್ಲ. ಆಗ ಅಪ್ಪ ಪೇಟೆಯ ಮನೆಪತ್ರ ತೆಗೆಯುತ್ತಾರೆ, ಇಲ್ಲವೇ ಗದ್ದೆಯನ್ನೇ ಮಾರುವ ಮಾತು ಬರುತ್ತದೆ. ಗದ್ದೆ ಮಾರಿ ಹೋಗುವುದಕ್ಕೆ ನನ್ನ ಒಪ್ಪಿಗೆಯಿಲ್ಲ, ಕಾಲೇಜು ಯಾವುದೇ ಇರಲಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ಹೊರದೇಶದ ಓದಿಗೆ ನೆರವು ಕೊಡುವ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನು ಮೊದಲು ವಿಚಾರಿಸು.

ಈ ವಾರ ಮಾಡಬೇಕಾದದ್ದು ಒಂದೇ ಕೆಲಸ. ನೀನು ಆರಿಸಿಕೊಂಡ ಕೋರ್ಸಿನ ಉದ್ಯೋಗ ವಿಭಾಗಕ್ಕೆ ಒಂದು ಮೇಲ್ ಹಾಕು: ಕಳೆದ ವರ್ಷ ವೀಸಾ ಬೇಕಿದ್ದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಟ್ರೇಡಿಂಗ್ ಡೆಸ್ಕಿಗೆ ಸೇರಿದರು? ಆಪರೇಷನ್ಸ್, ರಿಸ್ಕ್, ಕನ್ಸಲ್ಟಿಂಗ್ ಬಿಟ್ಟು ಬರೀ ಡೆಸ್ಕಿಗೆ? ಸರಾಸರಿ ಸಂಬಳದ ಚಾರ್ಟು ಕಳಿಸಿದರೆ ಅದನ್ನು ಉತ್ತರ ಅಂದುಕೊಳ್ಳದೆ ಇನ್ನೊಂದು ಸಲ ಕೇಳು. ಅಂಕಿ ಬಂದ ಮೇಲೆ ಅಪ್ಪನನ್ನೂ ಕರೆದುಕೊಂಡು ಬಾ, ಕಂತಿನ ಲೆಕ್ಕ ಕೂತು ಹಾಕೋಣ.