ವದಂತಿಗೆ ನಗೆಯ ಮದ್ದು



ಮುಂಗಾರಿನ ಹೊತ್ತಿಗೆ ‘ಈ ಸಲ ಗೊಬ್ಬರ ಸಿಕ್ಕುವುದಿಲ್ಲವಂತೆ’ ಎಂಬ ಒಂದು ಮಾತು ಮೊಬೈಲಿಗೆ ಬಂದರೆ ಸಾಕು, ಸೊಸೈಟಿಯ ಮುಂದೆ ಬೆಳಗಿನ ಜಾವವೇ ಸಾಲು ನಿಲ್ಲುತ್ತದೆ. ಎರಡು ಚೀಲ ಬೇಕಾದವನು ಹತ್ತು ಚೀಲ ಹೊರುತ್ತಾನೆ. ಮಾತು ಸುಳ್ಳಾದರೂ ಕೊರತೆ ನಿಜವಾಗುತ್ತದೆ. ಇಂಥದೇ ಗಾಬರಿಯನ್ನು ತೈವಾನ್ ದ್ವೀಪದ ಸರ್ಕಾರ 2020ರಲ್ಲಿ ತಮಾಷೆಯಿಂದ ಇಳಿಸಿದ ಬಗೆಯನ್ನು ತಿಳಿಯಿರಿ.

ಅದು ಕೊರೋನಾ ಕಾಲ. ಅಲ್ಲಿ ಮಾಸ್ಕುಗಳ ತಯಾರಿಕೆ ಭರದಿಂದ ನಡೆದಿತ್ತು. ಶೌಚದ ಕಾಗದಕ್ಕೂ ಮಾಸ್ಕಿಗೂ ಕಚ್ಚಾ ಮಾಲು ಒಂದೇ, ಇನ್ನು ಕಾಗದ ಸಿಗದು ಎಂಬ ವದಂತಿ ಫೆಬ್ರವರಿಯಲ್ಲಿ ಹಬ್ಬಿತು. (ನಾವು ನೀರು ಬಳಸುವ ಕಡೆ ಅವರಿಗೆ ಕಾಗದ ಬೇಕು.) ಜನ ಅಂಗಡಿಗಳಿಗೆ ಮುಗಿಬಿದ್ದರು.

ಆಗಿನ ಪ್ರಧಾನಿ ಸು ತ್ಸೆಂಗ್-ಚಾಂಗ್ ಜಾಲತಾಣದಲ್ಲಿ ಒಂದು ನಗೆಚಿತ್ರ ಹೊರಡಿಸಿದರು. ಅದರಲ್ಲಿ ಅವರೇ ಅಂಡು ಕುಣಿಸುತ್ತಿದ್ದಾರೆ! ಎಲ್ಲರಿಗೂ ಇರುವುದು ಒಂದೇ ಅಂಡು, ಇಷ್ಟು ಕಾಗದವೇಕೆ ಎಂಬುದು ತಾತ್ಪರ್ಯ. ಚೀನೀ ಭಾಷೆಯಲ್ಲಿ ಕೂಡಿಡುವುದಕ್ಕೂ ಅಂಡಿಗೂ ‘ತುನ್’ ಎಂಬ ಒಂದೇ ಉಚ್ಚಾರವಿದೆ. ದೊಡ್ಡ ಹುದ್ದೆಯವರು ತಮ್ಮನ್ನೇ ನಗೆಗೀಡು ಮಾಡಿಕೊಂಡರು. ಜನರನ್ನು ಪೆದ್ದರೆಂದು ಹಂಗಿಸಿದ್ದರೆ ಯಾರು ಕೇಳುತ್ತಿದ್ದರು?

ಆದರೆ ನಗೆಯೊಂದರಿಂದಲೇ ಕೆಲಸವಾಗಲಿಲ್ಲ. ಅದೇ ಚಿತ್ರದಲ್ಲಿ ಸಣ್ಣದೊಂದು ಪಟ್ಟಿ ಇತ್ತು: ಕಾಗದದ ಮಾಲು ದಕ್ಷಿಣ ಅಮೆರಿಕದಿಂದ ಬರುತ್ತದೆ, ಮಾಸ್ಕಿನ ಮಾಲು ಒಳನಾಡಿನದು. ನಗಲೆಂದು ಚಿತ್ರ ಹಂಚಿದವರು ಈ ಸಂಗತಿಯನ್ನೂ ಮನೆಮನೆಗೆ ಮುಟ್ಟಿಸಿದರು. ಒಂದೆರಡು ದಿನಗಳಲ್ಲಿ ನೂಕುನುಗ್ಗಲು ತಗ್ಗಿತೆಂದೂ ವದಂತಿ ಹುಟ್ಟಿಸಿದವನು ಕಾಗದದ ವ್ಯಾಪಾರಿಯೇ ಎಂದೂ ಆಗ ಮಂತ್ರಿಯಾಗಿದ್ದ ಆಡ್ರಿ ಟ್ಯಾಂಗ್ ಹೇಳಿದ್ದಾರೆ. ನಿಮ್ಮ ಪಂಚಾಯಿತಿಯವರು ಗೊಬ್ಬರದ ಬಗೆಗೆ ಇಂಥ ಚಿತ್ರ ಬರೆಸಿದರೆ, ಗೋದಾಮಿನಲ್ಲಿರುವ ಚೀಲಗಳ ಲೆಕ್ಕವನ್ನೂ ಮುಂದಿನ ಲಾರಿ ಬರುವ ದಿನವನ್ನೂ ಅದರಲ್ಲೇ ಬರೆಸಿರಿ.

ಅಲ್ಲಿನ ಆರೋಗ್ಯ ಇಲಾಖೆ ಶಿಬಾ ಎಂಬ ಜಾತಿಯ ನಾಯಿಯ ಚಿತ್ರಗಳನ್ನು ಬಳಸಿತು. ಒಳಗಿದ್ದರೆ ಮೂರು ನಾಯಿಯಷ್ಟು, ಬಯಲಲ್ಲಿ ಎರಡು ನಾಯಿಯಷ್ಟು ದೂರವಿರಿ ಎಂದಿತು. ಅಂದರೆ ಒಂದೂವರೆ ಮೀಟರು, ಒಂದು ಮೀಟರು. ನಮ್ಮ ಮೊಳ, ಮಾರುಗಳಂತೆ ಇದೂ ಕಣ್ಣಿಗೆ ಕಟ್ಟುವ ಅಳತೆ.

ಈ ಮದ್ದು ಎಲ್ಲ ಅಪಾಯಕ್ಕೂ ಹಿಡಿಸದು. ಅಣೆಕಟ್ಟಿನಿಂದ ನೀರು ಬಿಡುವಾಗ, ಸಿಡಿಲು ಸಮೀಪಿಸಿದಾಗ ತಮಾಷೆಗೆ ಹೊತ್ತಿಲ್ಲ. ಯಾವ ಊರು, ಎಷ್ಟು ಗಂಟೆಗೆ, ದನಕರುಗಳನ್ನು ಎಲ್ಲಿಗೆ ಹೊಡೆದೊಯ್ಯಬೇಕು ಎಂಬಷ್ಟೇ ಆಗ ಹೇಳಬೇಕಾದದ್ದು.